ರೊಕ್ಕ ಹೋಗುವ ಮೊದಲು ಕೇಳಿದ್ದು, ಹೋದ ಮೇಲೆ ಕೇಳಿದ್ದು: ಫೋನು, ಕಂಪ್ಯೂಟರಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದ ಸಪ್ತಾಪುರದ ಹತ್ತಿರ ನನ್ನದೊಂದು ಸಣ್ಣ ಝೆರಾಕ್ಸ್ ಅಂಗಡಿ ಇದೆ. ಆನ್‌ಲೈನ್ ಅರ್ಜಿ ತುಂಬುವುದು, ಪ್ರಿಂಟ್, ಲ್ಯಾಮಿನೇಶನ್ ಎಲ್ಲ ಮಾಡುತ್ತೇವೆ. ಸುತ್ತಲೂ ಕೋಚಿಂಗ್ ಕ್ಲಾಸುಗಳು. ಹಾಗಾಗಿ ಬೆಳಿಗ್ಗೆ, ಸಂಜೆ ಹುಡುಗರ ಗದ್ದಲ. ಮಧ್ಯಾಹ್ನ ಮಾತ್ರ ಅಂಗಡಿ ತಣ್ಣಗಿರುತ್ತದೆ. ಆಗ ಓಣಿಯ ಹಿರಿಯರಿಗೆ, ಹೆಣ್ಣುಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುತ್ತೇನೆ. ಮೌಸ್ ಹಿಡಿಯುವುದನ್ನು ಕಲಿಸುವುದಕ್ಕಿಂತ ಜಾಸ್ತಿ ಹೊತ್ತು "ಅಕ್ಕಾರ, ಈ ಮೆಸೇಜ್ ಖರೇ ಐತೇನ್ರಿ?" ಎನ್ನುವುದಕ್ಕೇ ಹೋಗುತ್ತದೆ. ಅಂಥ ಪ್ರಶ್ನೆಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಅದರಿಂದ ಆರಿಸಿದ್ದು ಇವು. ಕ್ರಮ ಏನೂ ಇಲ್ಲ. ಅರ್ಜೆಂಟ್ ಇರುವುದನ್ನು ಮಾತ್ರ ಮೊದಲಿಗೆ ಇಟ್ಟಿದ್ದೇನೆ.

ರೊಕ್ಕ ಈಗಷ್ಟೇ ಹೋಯಿತು. ಏನು ಮಾಡಲಿ?

1930ಕ್ಕೆ ಫೋನ್ ಮಾಡಿ. ಉಳಿದದ್ದನ್ನು ಆಮೇಲೆ ಓದಿ.

ಇದು ಸೈಬರ್ ವಂಚನೆಗಾಗಿಯೇ ಇರುವ ರಾಷ್ಟ್ರೀಯ ಸಹಾಯವಾಣಿ. ಕಳ್ಳರು ಬಂದ ರೊಕ್ಕವನ್ನು ಒಂದೇ ಖಾತೆಯಲ್ಲಿ ಇಟ್ಟುಕೊಂಡು ಕೂರುವುದಿಲ್ಲ. ಅಲ್ಲಿಂದ ಇನ್ನೊಂದು ಖಾತೆಗೆ, ಆ ಖಾತೆಯಿಂದ ನಾಲ್ಕೈದು ಕಡೆ ಹಂಚಿ, ಕೊನೆಗೆ ಎಟಿಎಂನಲ್ಲಿ ತೆಗೆದುಬಿಡುತ್ತಾರೆ. 1930ಕ್ಕೆ ಹೇಳಿದ ದೂರು ನೇರವಾಗಿ ಬ್ಯಾಂಕುಗಳಿಗೆ ಮುಟ್ಟುತ್ತದೆ. ರೊಕ್ಕ ಇನ್ನೂ ದಾರಿಯಲ್ಲಿದ್ದರೆ ಅದು ಕೂತ ಖಾತೆಯಲ್ಲೇ ತಡೆಹಿಡಿಯುತ್ತಾರೆ. ಅರ್ಧ ತಾಸಿನಲ್ಲಿ ಹೇಳುವುದಕ್ಕೂ ಮಾರನೇ ದಿನ ಹೇಳುವುದಕ್ಕೂ ಇರುವ ಫರಕು ಇದೇ.

ಫೋನ್ ಮಾಡುವಾಗ ರೊಕ್ಕ ಕಡಿತವಾದ ಮೆಸೇಜ್ ಎದುರಿಗಿರಲಿ. ಯಾವ ಬ್ಯಾಂಕು, ಎಷ್ಟು ಮೊತ್ತ, ಎಷ್ಟು ಗಂಟೆಗೆ ಹೋಯಿತು, ವ್ಯವಹಾರದ ಸಂಖ್ಯೆ ಏನು ಎಂದು ಕೇಳುತ್ತಾರೆ. ಯುಪಿಐ ಆ್ಯಪಿನಲ್ಲಿ ಆ ವ್ಯವಹಾರವನ್ನು ಒತ್ತಿದರೆ 12 ಅಂಕಿಯ ಸಂಖ್ಯೆ ಕಾಣುತ್ತದೆ. ಅದೇ ಅದು. 1930 ಲೈನ್ ಬಿಜಿ ಬಂದರೆ ಸುಮ್ನೆ ಕೂರಬೇಡಿ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಜಾಲತಾಣದಲ್ಲಿ ನೀವೇ ದೂರು ಹಾಕಬಹುದು. ಜೊತೆಗೆ ಮನೆಯಲ್ಲಿ ಇನ್ನೊಬ್ಬರು ಬ್ಯಾಂಕಿಗೆ ಫೋನ್ ಮಾಡಿ ಕಾರ್ಡ್, ನೆಟ್ ಬ್ಯಾಂಕಿಂಗ್, ಯುಪಿಐ ಬಂದ್ ಮಾಡಿಸಲಿ. ಬ್ಯಾಂಕಿನ ನಂಬರು ಎಟಿಎಂ ಕಾರ್ಡಿನ ಹಿಂದೆಯೇ ಇರುತ್ತದೆ. ಗೂಗಲ್‌ನಲ್ಲಿ ಹುಡುಕಬೇಡಿ, ಯಾಕೆಂದು ಮುಂದೆ ಹೇಳುತ್ತೇನೆ.

ಇಷ್ಟಾದ ಮೇಲೆ ಠಾಣೆಗೆ ಹೋಗಿ. ಇಂಥ ಪ್ರಕರಣಕ್ಕೆ ಜಿಲ್ಲೆಗಳಲ್ಲಿ ಸಿಇಎನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧ) ಠಾಣೆ ಎಂದು ಬೇರೆಯೇ ಇದೆ. ಮೆಸೇಜು, ಕಾಲ್ ಪಟ್ಟಿ, ಚಾಟ್ ಯಾವುದನ್ನೂ ಅಳಿಸಬೇಡಿ. "ಅವನ ನಂಬರು ನೋಡಿದ್ರ ಮೈ ಉರೀತೈತ್ರಿ, ಅದಕ್ಕ ಡಿಲೀಟ್ ಮಾಡ್ದೆ" ಎಂದು ಒಬ್ಬರು ಹೇಳಿದ್ದರು. ಸಿಟ್ಟು ಸರಿ. ಆದರೆ ಅಳಿಸಿಹೋದದ್ದು ಸಾಕ್ಷಿ.

ಬ್ಯಾಂಕಿನವರು ರೊಕ್ಕ ವಾಪಸ್ ಕೊಡುತ್ತಾರಾ?

ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಈ ಬಗ್ಗೆ ಒಂದು ಸುತ್ತೋಲೆ ಹೊರಡಿಸಿತು. ತಪ್ಪು ಬ್ಯಾಂಕಿನದಾಗಿದ್ದರೆ ನೀವು ಹೇಳಲಿ ಬಿಡಲಿ, ಹೊಣೆ ಬ್ಯಾಂಕಿನದು. ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ, ನಡುವೆ ಬೇರೆಲ್ಲೋ ಆಗಿದೆ ಅಂದುಕೊಳ್ಳಿ. ಆಗ ಬ್ಯಾಂಕಿನ ಮೆಸೇಜ್ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದರೆ ನಿಮ್ಮ ಮೇಲೆ ಏನೂ ಹೊರೆ ಇಲ್ಲ. 4ರಿಂದ 7 ಕೆಲಸದ ದಿನದೊಳಗೆ ತಿಳಿಸಿದರೆ ಒಂದು ಮಿತಿಯವರೆಗಿನ ನಷ್ಟ ನಿಮ್ಮದು. ನೀವೇ ಪಿನ್ ಅಥವಾ ಒಟಿಪಿ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವ ಕ್ಷಣದವರೆಗೆ ಹೋದದ್ದು ನಿಮ್ಮ ಪಾಲಿಗೆ. ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನ ಪಾಲಿಗೆ.

ಈ ಕೊನೆಯ ಮಾತನ್ನು ಜನ ಗಮನಿಸುವುದಿಲ್ಲ. "ಒಟಿಪಿ ನಾನಾ ಕೊಟ್ಟೀನಿ, ಬ್ಯಾಂಕಿನ್ಯಾಗ ಯಾವ ಮಾರಿ ತೊಗೊಂಡು ಹೇಳ್ಲಿ" ಎಂದು ಸುಮ್ಮನಾಗುತ್ತಾರೆ. ಅಷ್ಟರಲ್ಲಿ ಕಳ್ಳ ಎರಡನೇ ಸಲ, ಮೂರನೇ ಸಲ ಎಳೆಯುತ್ತಾನೆ. ಬಾಯಿ ಮಾತು ಸಾಲದು. ದೂರಿನ ಸಂಖ್ಯೆ ಬರೆಸಿಕೊಳ್ಳಿ.

ನಾನು ಓದಿದವಳಲ್ಲ. ಅದಕ್ಕೇ ನನ್ನಂಥವರನ್ನು ಹಿಡಿಯುತ್ತಾರಾ?

ಇಲ್ಲವ್ವಾ. ನಾನು ದಿನಕ್ಕೆ ಹತ್ತು ತಾಸು ಕಂಪ್ಯೂಟರ್ ಮುಂದೆ ಕೂರುವವಳು. ನನಗೇ ಆಗಿದೆ.

ಒಂದು ಪಾರ್ಸೆಲ್ ಬರಬೇಕಿತ್ತು, ಬರಲಿಲ್ಲ. ಕೊರಿಯರ್‌ನವರ ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕಿದೆ. ಮೊದಲು ಬಂದ ನಂಬರಿಗೆ ಫೋನ್ ಮಾಡಿದೆ. ಬಹಳ ಮರ್ಯಾದೆಯಿಂದ ಮಾತಾಡಿದ. "ಅಡ್ರೆಸ್ ಸರಿ ಮಾಡಬೇಕು ಮೇಡಂ, 5 ರೂಪಾಯಿ ಕಟ್ಟಿ" ಎಂದು ಲಿಂಕ್ ಕಳಿಸಿದ. ಅಂಗಡಿಯಲ್ಲಿ ಅಂದು ಅರ್ಜಿಯ ಕೊನೇ ದಿನ, ಹುಡುಗರು ಬಾಗಿಲ ತನಕ ನಿಂತಿದ್ದರು. ಒಂದು ಕೈಯಲ್ಲಿ ಅವರ ಫಾರ್ಮು, ಇನ್ನೊಂದರಲ್ಲಿ ಫೋನು. 5 ರೂಪಾಯಿ ಕಟ್ಟಿದೆ. ಹೋಗಿದ್ದು 4,800. ಆ ನಂಬರು ಕೊರಿಯರ್‌ನವರದ್ದೇ ಅಲ್ಲ. ಗೂಗಲ್‌ನಲ್ಲಿ, ಮ್ಯಾಪ್‌ನಲ್ಲಿ ಯಾರು ಬೇಕಾದರೂ ನಂಬರು ಸೇರಿಸಿಬಿಡಬಹುದು ಎನ್ನುವುದು ನನಗೆ ಗೊತ್ತಿತ್ತು. ಗೊತ್ತಿದ್ದದ್ದು ಆ ಗಡಿಬಿಡಿಯಲ್ಲಿ ನೆನಪಿಗೆ ಬರಲಿಲ್ಲ, ಅಷ್ಟೇ.

ಆವತ್ತಿನಿಂದ ನನಗೆ ಅನಿಸುವುದು, ಈ ಕಳ್ಳರಿಗೆ ಬೇಕಾದದ್ದು ನಮ್ಮ ದಡ್ಡತನ ಅಲ್ಲ, ನಮ್ಮ ಗಡಿಬಿಡಿ. "ಈಗಲೇ", "ಇವತ್ತೇ ಕೊನೆ", "ಫೋನ್ ಇಡಬೇಡಿ" ಎನ್ನುವ ಮಾತಿಲ್ಲದ ಮೋಸ ನನ್ನ ನೋಟ್‌ಬುಕ್ಕಿನಲ್ಲಿ ಒಂದೂ ಇಲ್ಲ. ಹೀಗಾಗಿ ಅಂಥ ಫೋನ್ ಬಂದರೆ ನಾನು ಹೇಳುವುದು ಒಂದೇ: "ಆಯ್ತ್ರಿ, ಹತ್ತು ನಿಮಿಷ ಬಿಟ್ಟು ನಾನಾ ಮಾಡ್ತೀನಿ" ಎಂದು ಇಟ್ಟುಬಿಡಿ. ನಿಜವಾದ ಬ್ಯಾಂಕಿಗೆ ಹತ್ತು ನಿಮಿಷದಲ್ಲಿ ಏನೂ ಕೆಡುವುದಿಲ್ಲ.

ಒಟಿಪಿ ಯಾರಿಗೂ ಹೇಳಬೇಡಿ ಎನ್ನುತ್ತೀರಿ. ಗ್ಯಾಸಿನವನೇ ಕೇಳುತ್ತಾನಲ್ಲ?

ಒಳ್ಳೆಯ ಪ್ರಶ್ನೆ. ಎಲ್ಲ ಪೋಸ್ಟರುಗಳಲ್ಲೂ "ಒಟಿಪಿ ಹೇಳಬೇಡಿ" ಎಂದು ಬರೆದಿರುತ್ತಾರೆ. ಆದರೆ ಸಿಲಿಂಡರ್ ತಂದವನಿಗೆ ಡೆಲಿವರಿ ಕೋಡ್ ಹೇಳಲೇಬೇಕು. ಕೆಲವು ಪಾರ್ಸೆಲ್‌ಗೂ ಹಾಗೆಯೇ. ಜನಕ್ಕೆ ಗೊಂದಲ ಆಗದೆ ಇನ್ನೇನಾದೀತು?

ಮೆಸೇಜಿನಲ್ಲಿ ಅಂಕಿಯನ್ನಷ್ಟೇ ನೋಡಬೇಡಿ, ಪೂರ್ತಿ ಓದಿ. ಯಾವುದಕ್ಕೆ ಈ ಕೋಡ್ ಎಂದು ಅದರಲ್ಲೇ ಬರೆದಿರುತ್ತದೆ. ಸಿಲಿಂಡರ್ ಬಾಗಿಲಲ್ಲಿದೆ, ಮೆಸೇಜು ಗ್ಯಾಸ್ ಕಂಪನಿಯದು, ಅದರಲ್ಲಿ ಡೆಲಿವರಿ ಎಂದೇ ಇದೆ, ಹಾಗಾದರೆ ಹೇಳಿ. ಬಾಯಲ್ಲಿ "ಪಾರ್ಸೆಲ್ ಕ್ಯಾನ್ಸಲ್ ಮಾಡಕ್ಕೆ" ಎನ್ನುತ್ತಾನೆ, ಮೆಸೇಜಿನಲ್ಲಿ ಇಂತಿಷ್ಟು ರೂಪಾಯಿ ಎಂದೋ ವಾಟ್ಸ್‌ಆ್ಯಪ್ ಕೋಡ್ ಎಂದೋ ಇದೆ, ಹಾಗಾದರೆ ಫೋನ್ ಇಡಿ. ಇಂಗ್ಲಿಷ್ ಓದಲು ಬಾರದಿದ್ದರೆ ಓದುವವರಿಗೆ ತೋರಿಸುವ ತನಕ ಕಾಯಲಿ. ಮತ್ತೆ ಯುಪಿಐ ಪಿನ್ ಇದೆಯಲ್ಲ, ಅದನ್ನು ಬಾಯಿಬಿಟ್ಟು ಹೇಳಬೇಕಾದ ಸಂದರ್ಭ ಯಾವುದೂ ಇಲ್ಲ. ಗ್ಯಾಸಿನವನಿಗೂ ಇಲ್ಲ, ಅಳಿಯನಿಗೂ ಇಲ್ಲ.

ರೊಕ್ಕ ನನಗೆ ಬರಬೇಕಾದರೂ ಪಿನ್ ಒತ್ತಬೇಕಾ?

ಬೇಡ. ಪಿನ್ ಒತ್ತಿದರೆ ರೊಕ್ಕ ಹೋಗುತ್ತದೆ, ಬರುವುದಿಲ್ಲ. ಕ್ಯೂಆರ್ ಸ್ಕ್ಯಾನ್ ಮಾಡುವುದೂ ಕೊಡುವುದಕ್ಕೇ. (ಬ್ಯಾಲೆನ್ಸ್ ನೋಡಲೂ ಪಿನ್ ಕೇಳುತ್ತದೆ, ಅದು ಬೇರೆ ಮಾತು.)

ಹಳೇ ಸೋಫಾವನ್ನೋ ಗಾಡಿಯನ್ನೋ ಆನ್‌ಲೈನ್‌ನಲ್ಲಿ ಮಾರಲು ಹಾಕಿದವರಿಗೆ ಇದು ಹೆಚ್ಚು ಆಗುತ್ತದೆ. ತಾನು ಮಿಲಿಟರಿಯವನು, ಟ್ರಾನ್ಸ್‌ಫರ್ ಆಗಿದೆ, ಸಾಮಾನು ನೋಡದೆಯೇ ತೆಗೆದುಕೊಳ್ಳುತ್ತೇನೆ ಎನ್ನುತ್ತಾನೆ. ಚೌಕಾಸಿಯನ್ನೂ ಮಾಡುವುದಿಲ್ಲ. ನಮ್ಮ ಕಡೆ ಚೌಕಾಸಿ ಮಾಡದೆ ಯಾರಾದರೂ ಏನನ್ನಾದರೂ ಕೊಳ್ಳುತ್ತಾರಾ? ಅಲ್ಲಿಯೇ ಸಂಶಯ ಬರಬೇಕು. ಮೊದಲೆಲ್ಲ "ರೊಕ್ಕ ಕಳಿಸಿದ್ದೇನೆ, ಒಪ್ಪಿಕೊಳ್ಳಿ" ಎಂದು ಕಲೆಕ್ಟ್ ರಿಕ್ವೆಸ್ಟ್, ಅಂದರೆ ನಿಮ್ಮಿಂದಲೇ ರೊಕ್ಕ ಕೇಳುವ ಕೋರಿಕೆ, ಕಳಿಸುತ್ತಿದ್ದರು. ಒಬ್ಬ ವ್ಯಕ್ತಿ ಇನ್ನೊಬ್ಬರಿಗೆ ಹಾಗೆ ಕಳಿಸುವುದನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದ್ದಾರೆ. ಕ್ಯೂಆರ್ ದಾರಿ ಇನ್ನೂ ತೆರೆದೇ ಇದೆ.

ನಾನು ಕಾಯಿಪಲ್ಲೆ ಮಾರುವವಳು. ಗಿರಾಕಿ ರೊಕ್ಕ ಹಾಕಿದ್ದು ಖರೆಯೋ ಸುಳ್ಳೋ ಹೇಗೆ ತಿಳಿಯಲಿ?

ಅವರ ಫೋನ್ ನೋಡಬೇಡಿ, ನಿಮ್ಮ ಫೋನ್ ನೋಡಿ. ಹಸಿರು ಟಿಕ್ ಇರುವ ಸುಳ್ಳು ಪರದೆ ತೋರಿಸುವ ಆ್ಯಪುಗಳಿವೆ. ಹುಬ್ಬಳ್ಳಿಯ ದುರ್ಗದಬೈಲು ಮಾರುಕಟ್ಟೆಯಂಥ ಗದ್ದಲದಲ್ಲಿ ಪ್ರತಿ ಸಲ ಫೋನ್ ತೆಗೆಯಲು ಆಗುವುದಿಲ್ಲ ಎಂದರೆ ಬ್ಯಾಂಕಿನಿಂದ ಮಾತಾಡುವ ಸ್ಪೀಕರ್ ಡಬ್ಬಿ ಹಾಕಿಸಿಕೊಳ್ಳಿ. ದಿನಾ ಬೆಳಿಗ್ಗೆ ನಿಮ್ಮ ಕ್ಯೂಆರ್‌ಗೆ ನೀವೇ 1 ರೂಪಾಯಿ ಹಾಕಿಸಿ ನೋಡಿ. ರಾತ್ರಿ ಯಾರೋ ಅದರ ಮೇಲೆ ತಮ್ಮ ಸ್ಟಿಕರ್ ಅಂಟಿಸಿ ಹೋಗಿದ್ದರೆ ಮೊದಲ ಬೋಣಿಗೆಗೇ ಗೊತ್ತಾಗುತ್ತದೆ.

ವಾಟ್ಸ್‌ಆ್ಯಪ್‌ಗೆ ಲಗ್ನಪತ್ರಿಕೆ ಬಂದಿದೆ. ತೆರೆಯಲಾ?

ಕೊನೆಯಲ್ಲಿ ಏನಿದೆ ನೋಡಿ. ಪತ್ರಿಕೆ ಫೋಟೋ ಆಗಿ ಬರುತ್ತದೆ, ವಿಡಿಯೋ ಆಗಿ ಬರುತ್ತದೆ, ಪಿಡಿಎಫ್ ಆಗಿ ಬರುತ್ತದೆ. ಹೆಸರಿನ ಕೊನೆಗೆ ಡಾಟ್ ಎಪಿಕೆ ಎಂದಿದ್ದರೆ ಅದು ಪತ್ರಿಕೆ ಅಲ್ಲ, ಒಂದು ಆ್ಯಪ್. ಗದಗಿನ ಪ್ರೆಸ್ಸಿನವರು ಎಷ್ಟೇ ಚೆಂದದ ಪತ್ರಿಕೆ ಮಾಡಲಿ, ಅದನ್ನು ಫೋನಿಗೆ ಇನ್‌ಸ್ಟಾಲ್ ಮಾಡುವ ಪ್ರಸಂಗ ಬರುವುದಿಲ್ಲ.

ಲಗ್ನಪತ್ರಿಕೆ ಒಂದು ವೇಷ ಅಷ್ಟೇ. ಟ್ರಾಫಿಕ್ ದಂಡದ ಚಲನ್, ಪಿಎಂ ಕಿಸಾನ್ ಪಟ್ಟಿ, ಬ್ಯಾಂಕ್ ಕೆವೈಸಿ ಹೀಗೆ ವೇಷ ಬದಲಾಗುತ್ತಾ ಇರುತ್ತದೆ. ಒಳಗಿನ ಆಟ ಒಂದೇ. ಇನ್‌ಸ್ಟಾಲ್ ಆದಕೂಡಲೇ ಮೆಸೇಜ್ ಓದಲು ಅನುಮತಿ ಕೇಳುತ್ತದೆ. ನಾವು ಓದದೆ "ಅಲೋ" ಒತ್ತುತ್ತೇವೆ. ಆಮೇಲೆ ನಿಮಗೆ ಬರುವ ಒಟಿಪಿ ಅವರಿಗೂ ಹೋಗುತ್ತದೆ. ನೀವು ಯಾರಿಗೂ ಹೇಳಬೇಕಾಗಿಯೇ ಇಲ್ಲ. ಎಷ್ಟೋ ಸಲ ನಿಮ್ಮ ವಾಟ್ಸ್‌ಆ್ಯಪಿನಿಂದಲೇ ಅದೇ ಪತ್ರಿಕೆ ನಿಮ್ಮ ಬೀಗರಿಗೆ, ಗೆಳೆಯರಿಗೆ ಹೋಗುತ್ತದೆ. "ಗುರ್ತಿನವ್ರಾ ಕಳಿಸ್ಯಾರ" ಎಂದು ಅವರೂ ಒತ್ತುತ್ತಾರೆ. ಕಳಿಸಿದವರು ಗುರುತಿನವರು ಎನ್ನುವುದು ಇಲ್ಲಿ ಏನನ್ನೂ ಸಾಬೀತು ಮಾಡುವುದಿಲ್ಲ.

ಒತ್ತಿಬಿಟ್ಟೆ. ಈಗ?

ಮೊದಲು ಏರೋಪ್ಲೇನ್ ಮೋಡ್ ಹಾಕಿ, ವೈಫೈ ಕೂಡ ಬಂದ್ ಮಾಡಿ. ಬೇರೆಯವರ ಫೋನಿನಿಂದ ಬ್ಯಾಂಕಿಗೆ ಹೇಳಿ ಖಾತೆಯ ಆನ್‌ಲೈನ್ ವ್ಯವಹಾರ ನಿಲ್ಲಿಸಿ. ಆಮೇಲೆ ಸೆಟ್ಟಿಂಗ್ಸ್‌ನ ಆ್ಯಪ್ ಪಟ್ಟಿಯಲ್ಲಿ ಅದನ್ನು ಹುಡುಕಿ ತೆಗೆಯಿರಿ. ತೆಗೆಯಲು ಬಿಡುತ್ತಿಲ್ಲವೆಂದರೆ ಅದು ಡಿವೈಸ್ ಅಡ್ಮಿನ್ ಅಧಿಕಾರ, ಅಂದರೆ ಫೋನಿನ ಯಜಮಾನಿಕೆ, ಹಿಡಿದುಕೊಂಡಿರುತ್ತದೆ. ಮೊದಲು ಅದನ್ನು ಬಿಡಿಸಬೇಕು. ನನ್ನ ಮಟ್ಟಿಗೆ ಅಷ್ಟಕ್ಕೆ ನಂಬಿಕೆ ಸಾಲದು. ಫೋಟೋ, ನಂಬರುಗಳನ್ನು ಬೇರೆ ಕಡೆ ಇಟ್ಟುಕೊಂಡು ಫೋನನ್ನು ಫ್ಯಾಕ್ಟರಿ ರಿಸೆಟ್ (ಎಲ್ಲ ಅಳಿಸಿ ಹೊಸದರಂತೆ) ಮಾಡಿಸಿಬಿಡುವುದು ಲೇಸು. ಬೇರೆ ಫೋನಿನಿಂದ ಇಮೇಲ್ ಮತ್ತು ಬ್ಯಾಂಕಿನ ಪಾಸ್‌ವರ್ಡ್ ಬದಲಿಸಿ. ಬೀಗರಿಗೂ ಹೇಳಿ. ಮಾರಿ ಸಣ್ಣದಾಗುತ್ತದೆ ನಿಜ, ಅವರ ರೊಕ್ಕ ಉಳಿಯುತ್ತದೆ.

"ಇವತ್ತು ರಾತ್ರಿ ಕರೆಂಟ್ ಕಟ್" ಎಂದು ಮೆಸೇಜ್ ಬಂದಿದೆ.

ಹತ್ತಂಕಿಯ ಖಾಸಗಿ ನಂಬರಿನಿಂದ ಬಂದಿದ್ದರೆ ಸುಳ್ಳು. ಅನುಮಾನ ಇದ್ದರೆ ಹೆಸ್ಕಾಂ ಸಹಾಯವಾಣಿ 1912ಕ್ಕೆ ಕೇಳಿ.

ಗೃಹಲಕ್ಷ್ಮಿ ರೊಕ್ಕ ಬಂದಿಲ್ಲ. "ಈ ಲಿಂಕ್ ಒತ್ತಿದರೆ ಬಾಕಿ ಕಂತು ಬರುತ್ತದೆ" ಎಂದಿದ್ದಾರೆ.

ತಿಂಗಳಿಗೆ 2,000 ರೂಪಾಯಿಗಾಗಿ ಕಾಯುವವರ ಕಷ್ಟ ಕಳ್ಳರಿಗೂ ಗೊತ್ತು. ಕಂತು ತಡವಾದಾಗಲೇ ಈ ಲಿಂಕುಗಳು ಹರಿದಾಡುತ್ತವೆ. ಅದನ್ನು ಒತ್ತಬೇಡಿ. ಹಳ್ಳಿಯಲ್ಲಿ ಗ್ರಾಮ ಒನ್ ಇದೆ, ಹುಬ್ಬಳ್ಳಿ-ಧಾರವಾಡದಲ್ಲಿ ಕರ್ನಾಟಕ ಒನ್ ಇದೆ. ಅಲ್ಲಿ ಕೇಳಿದರೆ ಎಲ್ಲಿ ತಡೆದಿದೆ ಎಂದು ನೋಡಿ ಹೇಳುತ್ತಾರೆ. ಹೆಚ್ಚಾಗಿ ಅದು ಆಧಾರ್-ಬ್ಯಾಂಕ್ ಜೋಡಣೆಯ ತೊಡಕೇ ಆಗಿರುತ್ತದೆ. ಅದು ಸರಿಹೋಗುವುದು ಬ್ಯಾಂಕಿನಲ್ಲಿ, ವಾಟ್ಸ್‌ಆ್ಯಪ್ ಲಿಂಕಿನಲ್ಲಿ ಅಲ್ಲ.

ಪೊಲೀಸರು ವಿಡಿಯೋ ಕಾಲ್ ಮಾಡಿ "ನಿಮ್ಮನ್ನು ಅರೆಸ್ಟ್ ಮಾಡಿದ್ದೇವೆ, ಕೋಣೆ ಬಿಟ್ಟು ಏಳಬೇಡಿ" ಎನ್ನುತ್ತಿದ್ದಾರೆ.

ಕಟ್ ಮಾಡಿ. ಡಿಜಿಟಲ್ ಅರೆಸ್ಟ್ ಎನ್ನುವುದು ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. ಪ್ರಧಾನಿಯವರೇ 2024ರ ಅಕ್ಟೋಬರ್ 27ರ ರೇಡಿಯೋ ಮಾತಿನಲ್ಲಿ ಇದನ್ನು ದೇಶಕ್ಕೆಲ್ಲ ಹೇಳಬೇಕಾಯಿತು ಎಂದರೆ ಎಷ್ಟು ಜನ ಸಿಕ್ಕಿಬಿದ್ದಿರಬೇಕು ಲೆಕ್ಕ ಹಾಕಿ.

ನಮ್ಮ ಊರು ನಿವೃತ್ತ ಮೇಷ್ಟ್ರು, ಪ್ರೊಫೆಸರುಗಳ ಊರು. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ, ಮನೆಯಲ್ಲಿ ಇಬ್ಬರೇ ಹಿರಿಯರು, ಖಾತೆಯಲ್ಲಿ ನಿವೃತ್ತಿಯ ಗಂಟು. ಅಂಥವರನ್ನೇ ಹುಡುಕುತ್ತಾರೆ. ಮೊದಲು ಫೋನು: "ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ", ಇಲ್ಲವೇ "ನಿಮ್ಮ ಆಧಾರ್‌ನಿಂದ ಖಾತೆ ತೆರೆದು ಕಪ್ಪು ಹಣ ಸಾಗಿಸಿದ್ದಾರೆ". ಆಮೇಲೆ ವಿಡಿಯೋ ಕಾಲ್. ಖಾಕಿ, ಹಿಂದೆ ಧ್ವಜ, ಮೇಜಿನ ಮೇಲೆ ಫೈಲು, ಕೆಲವು ಸಲ ಸುಳ್ಳು ಕೋರ್ಟ್ ಕೂಡ. "ಯಾರಿಗೂ ಹೇಳಬೇಡಿ, ಹೇಳಿದರೆ ಅವರನ್ನೂ ಒಳಗೆ ಹಾಕುತ್ತೇವೆ" ಎನ್ನುತ್ತಾರೆ. ಕೊನೆಗೆ "ತನಿಖೆಗಾಗಿ ನಿಮ್ಮ ರೊಕ್ಕ ಈ ಖಾತೆಗೆ ಹಾಕಿ, ಪರಿಶೀಲಿಸಿ ವಾಪಸ್ ಮಾಡುತ್ತೇವೆ".

ನಿಯತ್ತಿನಿಂದ ಬದುಕಿದವರೇ ಇದಕ್ಕೆ ಜಾಸ್ತಿ ಹೆದರುತ್ತಾರೆ ಎನ್ನುವುದು ನೋವಿನ ಸಂಗತಿ. ಜೀವಮಾನದಲ್ಲಿ ಠಾಣೆಯ ಮೆಟ್ಟಿಲು ಹತ್ತದವರಿಗೆ ಠಾಣೆ ಹೇಗಿರುತ್ತದೆ ಎಂದು ತಿಳಿದಿರುವುದಿಲ್ಲ. ಪೊಲೀಸರಿಗೆ ನೀವು ಬೇಕಿದ್ದರೆ ನೋಟಿಸು ಕೊಡುತ್ತಾರೆ, ಮನೆಗೆ ಬರುತ್ತಾರೆ. ಖಾತೆಯ ರೊಕ್ಕವನ್ನು ತಮ್ಮ ಖಾತೆಗೆ ಹಾಕಿಸಿಕೊಂಡು ಪರೀಕ್ಷೆ ಮಾಡುವ ಪದ್ಧತಿ ಯಾವ ಇಲಾಖೆಯಲ್ಲೂ ಇಲ್ಲ. ನಿಮ್ಮ ಆಧಾರ್ ಸಂಖ್ಯೆ, ವಿಳಾಸ ಅವರಿಗೆ ಗೊತ್ತಿದೆ ಎಂದು ಗಾಬರಿಯಾಗಬೇಡಿ. ನಮ್ಮ ಆಧಾರ್ ಪ್ರತಿ ಎಷ್ಟು ಕಡೆ ಬಿದ್ದಿದೆ ಎಂದು ಝೆರಾಕ್ಸ್ ಅಂಗಡಿಯವಳಾದ ನನಗೆ ಗೊತ್ತು.

ಪಕ್ಕದ ಮನೆಯ ಅಜ್ಜ ಎರಡು ದಿನದಿಂದ ವಾಕಿಂಗ್‌ಗೆ ಬಂದಿಲ್ಲ, ಬಾಗಿಲು ಹಾಕಿಕೊಂಡು ಫೋನಿನಲ್ಲಿ ಪಿಸುಗುಟ್ಟುತ್ತಿದ್ದಾರೆ ಎಂದು ಅನಿಸಿದರೆ ಹೋಗಿ ಬಾಗಿಲು ಬಡಿಯಿರಿ. ಸಕ್ಕರೆ ಕೇಳುವ ನೆಪ ಸಾಕು.

ಝೆರಾಕ್ಸ್ ಅಂಗಡಿಗೆ ವಾಟ್ಸ್‌ಆ್ಯಪ್‌ನಲ್ಲಿ ಆಧಾರ್ ಕಳಿಸುವುದು ಸರಿಯಾ?

ಇದಕ್ಕೆ ಉತ್ತರ ಹೇಳಿದರೆ ನನ್ನ ವ್ಯಾಪಾರಕ್ಕೇ ಪೆಟ್ಟು. ಆದರೂ ಹೇಳುತ್ತೇನೆ. ನೀವು ಕಳಿಸಿದ ಆಧಾರ್, ಪ್ಯಾನ್, ಮಾರ್ಕ್ಸ್ ಕಾರ್ಡ್ ಅಂಗಡಿಯ ಫೋನಿನಲ್ಲಿ ಇರುತ್ತದೆ, ಕಂಪ್ಯೂಟರಿನ ಡೌನ್‌ಲೋಡ್ ಫೋಲ್ಡರಿನಲ್ಲೂ ಇರುತ್ತದೆ. ನಾನು ರಾತ್ರಿ ಅಂಗಡಿ ಹಾಕುವ ಮೊದಲು ಅಳಿಸುತ್ತೇನೆ. ಎಲ್ಲರೂ ಅಳಿಸುತ್ತಾರೆ ಎಂದು ಹೇಳಲಾರೆ. ಪ್ರಿಂಟ್ ಆದಕೂಡಲೇ "ನನ್ನ ಮುಂದ ಡಿಲೀಟ್ ಮಾಡ್ರಿ" ಎಂದು ಕೇಳಿ. ಕೇಳುವುದು ನಿಮ್ಮ ಹಕ್ಕು, ಸಿಟ್ಟಾಗುವ ಅಂಗಡಿಯವರಿದ್ದರೆ ಬೇರೆ ಅಂಗಡಿ ನೋಡಿ. ನಿಮ್ಮ ವಾಟ್ಸ್‌ಆ್ಯಪನ್ನೇ ಅಂಗಡಿ ಕಂಪ್ಯೂಟರಿನಲ್ಲಿ ತೆರೆದಿದ್ದರೆ ಹೊರಡುವ ಮುಂಚೆ ನಿಮ್ಮ ಫೋನಿನಲ್ಲಿ ಲಿಂಕ್ಡ್ ಡಿವೈಸಸ್‌ಗೆ ಹೋಗಿ ಲಾಗೌಟ್ ಮಾಡಿ. ವಾರಗಟ್ಟಲೆ ಹಾಗೇ ತೆರೆದಿಟ್ಟು ಹೋದವರನ್ನು ನೋಡಿದ್ದೇನೆ.

ಪೂರ್ತಿ ಸಂಖ್ಯೆ ಬೇಕಿಲ್ಲದ ಕಡೆ ಮಾಸ್ಕ್ಡ್ ಆಧಾರ್ ಕೊಡಿ. ಆಧಾರ್ ಕೊಡುವ ಯುಐಡಿಎಐ ಜಾಲತಾಣದಿಂದ ಇಳಿಸಿಕೊಳ್ಳುವಾಗ ಆ ಆಯ್ಕೆ ಇದೆ, ಅದರಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುತ್ತವೆ. ಕಾಗದದ ಪ್ರತಿ ಕೊಡುವಾಗ ಅಡ್ಡಲಾಗಿ ಯಾವ ಕೆಲಸಕ್ಕೆ, ಯಾವ ತಾರೀಖು ಎಂದು ಬರೆಯಿರಿ.

ಹೆಬ್ಬೆಟ್ಟು ಒತ್ತಿ ರೊಕ್ಕ ತೆಗೆಯುವ ವ್ಯವಸ್ಥೆ ಇದೆಯಲ್ಲ, ಅದರಲ್ಲಿ ಒಟಿಪಿ ಇಲ್ಲದೆಯೇ ರೊಕ್ಕ ಹೋಗಬಹುದು. ದಾಖಲೆಗಳ ಮೇಲಿನ ಹೆಬ್ಬೆಟ್ಟಿನ ಗುರುತನ್ನು ನಕಲು ಮಾಡಿ ಹೀಗೆ ತೆಗೆದ ಪ್ರಕರಣಗಳು ನಡೆದಿವೆ. ಇದಕ್ಕೆ ಆಧಾರ್ ಬಯೋಮೆಟ್ರಿಕ್ ಲಾಕ್ ಎಂಬ ಸೌಲಭ್ಯ ಇದೆ. ಆಧಾರ್ ಆ್ಯಪಿನಲ್ಲಿ ಅಥವಾ ಜಾಲತಾಣದಲ್ಲಿ ಹಾಕಬಹುದು. ಆದರೆ ಲಾಕ್ ಹಾಕಿ ರೇಶನ್ ಅಂಗಡಿಗೆ ಹೋದರೆ ಹೆಬ್ಬೆಟ್ಟು ತೆಗೆದುಕೊಳ್ಳುವುದಿಲ್ಲ. ಸರದಿಯಲ್ಲಿ ನಿಂತು ಬೈಸಿಕೊಳ್ಳುವ ಮೊದಲು ಅನ್‌ಲಾಕ್ ಮಾಡಿಕೊಂಡಿರಿ. ತೊಡಕಾದರೆ ಆಧಾರ್ ಸಹಾಯವಾಣಿ 1947. ಸ್ವಾತಂತ್ರ್ಯ ಬಂದ ವರ್ಷ, ಮರೆಯುವುದಿಲ್ಲ ಅಲ್ವಾ.

ಪಾಸ್‌ವರ್ಡ್ ಏನಿಡಲಿ? ಮೊಮ್ಮಗನ ಹೆಸರು ಮತ್ತು 123 ಇದೆ.

ಅರ್ಧ ಊರಿನದೂ ಅದೇ ಇದೆ.

ಯಾರೋ ಒಬ್ಬ ಕೂತು ನಿಮ್ಮ ಮೊಮ್ಮಗನ ಹೆಸರು ಊಹಿಸುತ್ತಾನೆ ಎಂದಲ್ಲ. ಯಾವುದೋ ಒಂದು ಜಾಲತಾಣದಿಂದ ಲಕ್ಷಗಟ್ಟಲೆ ಪಾಸ್‌ವರ್ಡುಗಳು ಕಳುವಾಗುತ್ತವೆ. ಅದೇ ಇಮೇಲ್, ಅದೇ ಪಾಸ್‌ವರ್ಡ್ ಜೋಡಿಯನ್ನು ಯಂತ್ರದಿಂದ ಬೇರೆಲ್ಲ ಕಡೆ ಹಾಕಿ ನೋಡುತ್ತಾರೆ. ಎಲ್ಲ ಬಾಗಿಲಿಗೂ ಒಂದೇ ಕೀಲಿ ಇಟ್ಟವರು ಆಗ ಸಿಗುತ್ತಾರೆ. ಹೀಗಾಗಿ ಕಡೇಪಕ್ಷ ಇಮೇಲ್‌ಗೆ ಮತ್ತು ಬ್ಯಾಂಕಿಗೆ ಬೇರೆ ಬೇರೆ ಇರಲಿ. ಇಮೇಲ್ ಹೋದರೆ ಉಳಿದವೂ ಹೋದಂತೆಯೇ. "ಪಾಸ್‌ವರ್ಡ್ ಮರೆತೆ" ಎಂದು ಒತ್ತಿದರೆ ಹೊಸದು ಬರುವುದು ಅಲ್ಲಿಗೇ ತಾನೆ?

ಚಿಹ್ನೆ ಗಿಹ್ನೆಗಿಂತ ಉದ್ದ ಮುಖ್ಯ. ಒಂದಕ್ಕೊಂದು ಸಂಬಂಧ ಇಲ್ಲದ ನಾಲ್ಕು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಜೋಡಿಸಿ. ಕೌದಿ, ಚಿಗರಿ, ಗಿರ್ಮಿಟ್, ಪಾವಟಿಗೆ ಎಂಬಂತೆ. (ಇದನ್ನೇ ಇಡಬೇಡಿ, ನಾನು ಕ್ಲಾಸಿನಲ್ಲಿ ಹೇಳಿದ ದಿನ ಆರು ಜನ ಇದನ್ನೇ ಇಟ್ಟರು.) ನೆನಪಿರುವುದಿಲ್ಲ ಎಂದರೆ ಡೈರಿಯಲ್ಲಿ ಬರೆದು ಮನೆಯ ಟ್ರೆಜರಿಯಲ್ಲಿ, ಅಂದರೆ ಬೀರುವಿನಲ್ಲಿ, ಇಡಿ. ಬರೆಯಲೇಬಾರದು ಎನ್ನುವವರಿದ್ದಾರೆ. ನನ್ನ ಪ್ರಕಾರ ಎಲ್ಲೋ ಕೂತು ಕದಿಯುವವನು ಧಾರವಾಡಕ್ಕೆ ಬಂದು ನಿಮ್ಮ ಟ್ರೆಜರಿ ಒಡೆಯುವುದಿಲ್ಲ. ಎಟಿಎಂ ಪಿನ್ ಮಾತ್ರ ಬರೆದು ಕಾರ್ಡಿನ ಜೊತೆ ಪರ್ಸಿನಲ್ಲಿ ಇಡಬೇಡಿ.

ವಾಟ್ಸ್‌ಆ್ಯಪ್‌ಗೂ ಸೆಟ್ಟಿಂಗ್ಸ್‌ನ ಅಕೌಂಟ್ ಒಳಗೆ ಟೂ-ಸ್ಟೆಪ್ ವೆರಿಫಿಕೇಶನ್ ಹಾಕಿ. 6 ಅಂಕಿ, ಎರಡು ನಿಮಿಷದ ಕೆಲಸ.

ಬೀಗದ ಚಿತ್ರ ಇದ್ದರೆ ಆ ಜಾಲತಾಣ ನಂಬಬಹುದಾ?

ನಂಬುವ ಹಾಗಿಲ್ಲ. ಬೀಗ ಎಂದರೆ ನೀವು ಕಳಿಸಿದ ಮಾಹಿತಿಯನ್ನು ದಾರಿಯಲ್ಲಿ ಯಾರೂ ಓದಲಾರರು ಎಂದು ಮಾತ್ರ. ಆ ತುದಿಯಲ್ಲಿ ಕೂತವನು ಕಳ್ಳನೇ ಆಗಿದ್ದರೆ ಬೀಗ ಏನು ಮಾಡೀತು?

ವಿಳಾಸವನ್ನು ಓದುವುದನ್ನು ಕಲಿಯಿರಿ. ಕಾಗದದ ಮೇಲೆ ಮೊದಲು ಹೆಸರು, ಆಮೇಲೆ ಓಣಿ, ಬ್ಯಾಡಗಿ, ಕೊನೆಗೆ ಹಾವೇರಿ ಜಿಲ್ಲೆ ಎಂದು ಬರೆಯುತ್ತೇವೆ. ಪೋಸ್ಟಿನವರು ಮೊದಲು ನೋಡುವುದು ಕೆಳಗಿನ ಸಾಲನ್ನು. ಜಾಲತಾಣದ ವಿಳಾಸವೂ ಹಾಗೇ. ಮೊದಲ ಓರೆಗೆರೆಗಿಂತ ಮುಂಚಿನ ಕೊನೆಯ ತುಂಡುಗಳು ನಿಜವಾದ ಊರು. ಮುಂದುಗಡೆ ಬ್ಯಾಂಕಿನ ಹೆಸರು ಎಷ್ಟು ಸಲ ಬೇಕಾದರೂ ಬರೆಯಬಹುದು, ಅದಕ್ಕೆ ಬೆಲೆ ಇಲ್ಲ. ರಿಸರ್ವ್ ಬ್ಯಾಂಕ್ ಹೇಳಿದ ಪ್ರಕಾರ ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ ಡಾಟ್ ಬ್ಯಾಂಕ್ ಡಾಟ್ ಇನ್ ಎಂಬ ವಿಳಾಸಕ್ಕೆ ಬದಲಾಗಬೇಕಿತ್ತು. ಆ ಹೆಸರು ಬ್ಯಾಂಕುಗಳಿಗೆ ಮಾತ್ರ ಸಿಗುತ್ತದೆ. ಹಾಗಾಗಿ ಈಗ ಕೊನೆಯನ್ನು ನೋಡುವುದು ಸುಲಭ.

ಮನೆಯ ಹಳೇ ಕಂಪ್ಯೂಟರಿನಲ್ಲಿ ವಿಂಡೋಸ್ 10 ಇದೆ. ನಡೆಯುತ್ತದಾ?

ನಡೆಯುತ್ತದೆ, ಆದರೆ ರಿಪೇರಿ ಇಲ್ಲದ ಮನೆಯಂತೆ. ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಅದರ ಉಚಿತ ಬೆಂಬಲ ನಿಲ್ಲಿಸಿದೆ. ಹೊಸ ತೂತು ಕಂಡರೂ ಸುಮ್ನೆ ಮುಚ್ಚಿಕೊಡುವುದಿಲ್ಲ. ವಿಂಡೋಸ್ 11 ಹಿಡಿಯುವ ಯಂತ್ರವಾದರೆ ಹಾಕಿಸಿ. ಹಿಡಿಯದಿದ್ದರೆ ಆ ಕಂಪ್ಯೂಟರಿನಲ್ಲಿ ಬ್ಯಾಂಕಿನ ಕೆಲಸ ಬೇಡ. ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿಕೊಡುವ ಹುಡುಗರು ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಸಿಗುತ್ತಾರೆ, ಚಹಾ ಕುಡಿಸಿದರೂ ಮಾಡುತ್ತಾರೆ. ರೊಕ್ಕ ಕೊಟ್ಟು ಆ್ಯಂಟಿವೈರಸ್ ಕೊಳ್ಳಲೇಬೇಕು ಎಂದೇನಿಲ್ಲ. ವಿಂಡೋಸಿನ ಜೊತೆಗೇ ಬರುವ ಡಿಫೆಂಡರ್ ಮನೆಬಳಕೆಗೆ ಸಾಕು. ಪುಕ್ಕಟೆ ಸಿಗುವ ಕಳ್ಳ ಸಾಫ್ಟ್‌ವೇರ್ ಹಾಕಿಸಿ, "ಡಿಫೆಂಡರ್ ಬಂದ್ ಮಾಡ್ರಿ ಅಂದ್ರು, ಮಾಡ್ದೆ" ಎನ್ನುವವರಿಗೆ ಯಾವುದೂ ಸಾಲದು.

ಪರದೆ ತುಂಬ ಕೆಂಪು ಬಂದು, "ವೈರಸ್ ಇದೆ, ಈ ನಂಬರಿಗೆ ಫೋನ್ ಮಾಡಿ" ಎಂದು ಕಿರುಚುತ್ತಿದೆ.

ಅದು ಒಂದು ಜಾಹೀರಾತಿನ ಪುಟ. ಆಲ್ಟ್ ಮತ್ತು ಎಫ್4 ಒಟ್ಟಿಗೆ ಒತ್ತಿ. ಹೋಗದಿದ್ದರೆ ಪವರ್ ಬಟನ್ ಒತ್ತಿ ಹಿಡಿದು ಆರಿಸಿ. ಆ ನಂಬರಿಗೆ ಫೋನ್ ಮಾಡಿದರೆ ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಸುತ್ತಾರೆ. ಆಮೇಲೆ ನಿಮ್ಮ ಕಂಪ್ಯೂಟರಿನಲ್ಲಿ ಅವರು ಕೂತ ಹಾಗೆಯೇ.

ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಫೋನ್ ಚಾರ್ಜ್ ಹಾಕಬಹುದಾ? ಹ್ಯಾಕ್ ಆಗುತ್ತದಂತಲ್ಲ.

ನಿಮ್ಮದೇ ಚಾರ್ಜರ್ ಇದ್ದರೆ ಹಾಕಿ. ಬರೀ ಯುಎಸ್‌ಬಿ ಆದರೆ, "ಫೈಲ್ ಹಂಚಲಾ" ಎಂದು ಫೋನ್ ಕೇಳಿದಾಗ ಬೇಡ ಎನ್ನಿ. 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮಿನಲ್ಲಿ ಹ್ಯಾಕ್ ಆಗುವುದಕ್ಕಿಂತ ಫೋನೇ ಕಳುವಾಗುವ ಸಾಧ್ಯತೆ ಜಾಸ್ತಿ.

ಕಳುವಾದರೆ?

ಮೊದಲು ಸಿಮ್ ಬಂದ್ ಮಾಡಿಸಿ, ಬ್ಯಾಂಕಿಗೆ ಹೇಳಿ. ಠಾಣೆಯಲ್ಲಿ ದೂರು ಕೊಟ್ಟು, ಅದರ ಪ್ರತಿ ಇಟ್ಟುಕೊಂಡು ಸಂಚಾರ್ ಸಾಥಿ ಜಾಲತಾಣದಲ್ಲಿ ಫೋನನ್ನೇ ಬ್ಲಾಕ್ ಮಾಡಿ. ಆಮೇಲೆ ಬೇರೆ ಸಿಮ್ ಹಾಕಿದರೂ ಅದು ಕೆಲಸ ಮಾಡುವುದಿಲ್ಲ. ಇದಕ್ಕೆ ಐಎಂಇಐ, ಅಂದರೆ ಫೋನಿನ ಗುರುತಿನ ಸಂಖ್ಯೆ, ಬೇಕು. ಈಗಲೇ *#06# ಒತ್ತಿ ನೋಡಿ ಬರೆದಿಡಿ. ಅದೇ ಜಾಲತಾಣದಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದೂ ನೋಡಬಹುದು. ನಮ್ಮ ಕ್ಲಾಸಿನ ಒಬ್ಬ ಅಮ್ಮನ ಹೆಸರಿನಲ್ಲಿ ನಾಲ್ಕು ಇದ್ದವು, ಅವರ ಹತ್ತಿರ ಇದ್ದದ್ದು ಒಂದು.

ರೂಮಿನ ಗೆಳೆಯ ನನ್ನ ಬ್ಯಾಂಕ್ ಖಾತೆ ಬಾಡಿಗೆಗೆ ಕೇಳುತ್ತಿದ್ದಾನೆ. 5,000 ಕೊಡುತ್ತಾನಂತೆ.

ಇದನ್ನು ಕೇಳಿದ್ದು ಪೊಲೀಸ್ ಪರೀಕ್ಷೆಗೆ ಓದುತ್ತಿದ್ದ ಹುಡುಗ. ನನಗೆ ಎದೆ ಝಲ್ಲೆಂದಿತು. ತಮ್ಮಾ, ಮೊದಲ ಪ್ರಶ್ನೆಯಲ್ಲಿ ರೊಕ್ಕ ನಾಲ್ಕೈದು ಖಾತೆಗೆ ಹಂಚಿಹೋಗುತ್ತದೆ ಎಂದೆನಲ್ಲ, ಆ ಖಾತೆಗಳು ಇವೇ. ಯಾರದೋ ನಿವೃತ್ತಿಯ ಗಂಟು ನಿನ್ನ ಹೆಸರಿನ ಮೇಲೆ ದಾಟಿ ಹೋಗುತ್ತದೆ. ಪೊಲೀಸರಿಗೆ ಮೊದಲು ಸಿಗುವುದು ನಿನ್ನ ಹೆಸರು, ನಿನ್ನ ಆಧಾರ್, ನಿನ್ನ ಊರು. ಖಾತೆ ಫ್ರೀಜ್ ಆಗುತ್ತದೆ, ಕೇಸೂ ಆಗಬಹುದು. ನೌಕರಿ ಸಿಕ್ಕ ಮೇಲೆ ಪೊಲೀಸ್ ವೆರಿಫಿಕೇಶನ್ ಇರುತ್ತದೆ ಎನ್ನುವುದು ನಿನಗೆ ನಾನು ಹೇಳಬೇಕಾ? "ವಿಡಿಯೋ ಲೈಕ್ ಮಾಡಿ ದಿನಕ್ಕೆ ಸಾವಿರ ಗಳಿಸಿ" ಎಂಬುದೂ ಇದೇ ಸಂತೆಯ ಇನ್ನೊಂದು ಅಂಗಡಿ. ಮೊದಲು 150 ಕೊಡುತ್ತಾರೆ, ನಂಬಿಕೆ ಬಂದ ಮೇಲೆ 50 ಸಾವಿರ ಕಟ್ಟಿಸಿಕೊಳ್ಳುತ್ತಾರೆ.

ನನ್ನ ಫೋಟೋ ಕೆಡಿಸಿ ಎಲ್ಲರಿಗೂ ಕಳಿಸುತ್ತೇನೆ ಎಂದು ಹೆದರಿಸುತ್ತಿದ್ದಾರೆ.

ರೊಕ್ಕ ಕೊಡಬೇಡಿ. ಒಮ್ಮೆ ಕೊಟ್ಟರೆ ಮತ್ತೆ ಕೇಳುತ್ತಾರೆ. ಸ್ಕ್ರೀನ್‌ಶಾಟ್ ತೆಗೆದಿಟ್ಟು ಬ್ಲಾಕ್ ಮಾಡಿ. ಸೈಬರ್‌ಕ್ರೈಮ್ ಜಾಲತಾಣದಲ್ಲಿ ಹೆಂಗಸರ, ಮಕ್ಕಳ ಮೇಲಿನ ಇಂಥ ಅಪರಾಧಕ್ಕೆ ಹೆಸರು ಹೇಳದೆಯೂ ದೂರು ಕೊಡಬಹುದು. ಮನೆಯಲ್ಲಿ ಒಬ್ಬರಿಗಾದರೂ ಹೇಳಿ. ಮನೆಯವರಿಗೂ ಒಂದು ಮಾತು: ಮಗಳು ಬಂದು ಹೇಳಿದಾಗ "ಫೋನ್ ಯಾಕ ಬೇಕಿತ್ತು ನಿನಗ" ಎಂದು ಶುರು ಮಾಡಬೇಡಿ. ಮುಂದಿನ ಸಲ ಅವಳು ಹೇಳುವುದೇ ಇಲ್ಲ.

ಮಧ್ಯಾಹ್ನದ ಕ್ಲಾಸಿಗೆ ಏನು ತರಬೇಕು?

ಫೋನು, ಚಾರ್ಜರು, ಓದುವ ಚಾಳೀಸು. ಎರಡು ಗಂಟೆಗೆ ಬನ್ನಿ, ನಾಲ್ಕಕ್ಕೆ ಹುಡುಗರು ಬರುವ ತನಕ ಕುರ್ಚಿ ಖಾಲಿ ಇರುತ್ತವೆ. ಪಾಸ್‌ವರ್ಡ್ ಬರೆದ ಡೈರಿಯನ್ನು ಮಾತ್ರ ಟ್ರೆಜರಿಯಲ್ಲೇ ಬಿಟ್ಟು ಬನ್ನಿ. ಹೋದ ವಾರ ಒಬ್ಬರು ನನ್ನ ಕೌಂಟರಿನ ಮೇಲೇ ಮರೆತು ಹೋಗಿದ್ದಾರೆ, ಇನ್ನೂ ಇಲ್ಲೇ ಇದೆ.